ಇಟಲಿಯ ಗುಡ್ಡದ ಹಳ್ಳಿಗಳಿಗೆ ಒಂದು ದಿನದ ಕಾರು ಪಯಣ



ರೋಮ್ ನಗರದಿಂದ ಫ್ಲಾರೆನ್ಸ್ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸುಮಾರು 120 ಕಿಲೋಮೀಟರ್ ಕ್ರಮಿಸಿದರೆ ಒರ್ವಿಯೇತೊ ಪಟ್ಟಣ. ಅಲ್ಲಿಂದ ಸುಮಾರು 20 ಕಿಲೋಮೀಟರ್ ಕವಲು ರಸ್ತೆಯಲ್ಲಿ ಹೋದರೆ ಬಾನ್ಯೊರೆಜೊ. ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದ ದೂರವಿದು. ಕಾರಿನ ಪಯಣ ಅಲ್ಲಿಗೆ ಮುಗಿಯುತ್ತದೆ. ಎದುರಿನ ಗುಡ್ಡದ ನೆತ್ತಿಯ ಮೇಲಿರುವ ಚಿವಿತಾ ಎಂಬ ಹಳ್ಳಿಯನ್ನು ಕಾಲ್ಸೇತುವೆಯ ಮೂಲಕ ನಡೆದೇ ತಲುಪಬೇಕು.

ಎತ್ರುಸ್ಕನ್ ಜನರು 2500 ವರ್ಷಗಳಿಗೂ ಹಿಂದೆ ಕಟ್ಟಿದ ಈ ಹಳ್ಳಿಯ ತಳದಲ್ಲಿ ಜೇಡಿಮಣ್ಣಿದೆ, ಅದರ ಮೇಲೆ ಜ್ವಾಲಾಮುಖಿಯ ಬೂದಿ ಗಟ್ಟಿಗೊಂಡು ಆದ ಮೆದುಕಲ್ಲಿನ ಪದರವಿದೆ. ಮಳೆ ಮತ್ತು ತೊರೆಗಳು ಕೆಳಗಿನ ಜೇಡಿಯನ್ನು ಕೊರೆಯುತ್ತವೆ. ಆಧಾರ ತಪ್ಪಿದ ಕಲ್ಲು ಅಂಚಿನಿಂದ ಕಳಚಿ ಬೀಳುತ್ತದೆ. ಮಲೆನಾಡಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. 1695ರ ಭೂಕಂಪದ ನಂತರ ಬಹಳಷ್ಟು ಕುಟುಂಬಗಳು ಬಾನ್ಯೊರೆಜೊಗೆ ವಲಸೆ ಹೋದವು. ಈಗ ವರ್ಷವಿಡೀ ಅಲ್ಲಿ ನೆಲೆಸಿರುವವರು ಹತ್ತಾರು ಮಂದಿ ಮಾತ್ರ. ವರ್ಷಕ್ಕೆ ಬಂದುಹೋಗುವವರಾದರೋ ಲಕ್ಷಗಟ್ಟಲೆ. 2013ರಲ್ಲಿ ಸೇತುವೆ ದಾಟಲು ಒಂದೂವರೆ ಯೂರೊ ಶುಲ್ಕ ವಿಧಿಸಲಾಯಿತು. ಮುಂದೆ ಅದು 5 ಯೂರೊಗೆ ಏರಿತು. ಗುಡ್ಡವನ್ನು ನೋಡಲು ಬರುವವನು ಅದರ ಪಾಲನೆಗೆ ಒಂದಿಷ್ಟು ತೆರುವುದು ನ್ಯಾಯವೇ ಸರಿ. ಆದರೆ ಒಂದು ಗಂಟೆ ಸುತ್ತಾಡಿ ಛಾಯಾಚಿತ್ರ ತೆಗೆದು ಹಿಂತಿರುಗುವವನಿಂದ ಮುಚ್ಚಿದ ಮನೆಯ ಬಾಗಿಲು ತೆರೆಯುವುದಿಲ್ಲ.

ಆದ್ದರಿಂದ ದಿನವೊಂದಕ್ಕೆ ಒಂದು ಹಳ್ಳಿ, ಹೆಚ್ಚೆಂದರೆ ಎರಡು ಸಾಕು. ತೊಸ್ಕಾನಾದ ವಾಲ್ ದೊರ್ಚಾ ಕಣಿವೆಯಲ್ಲಿ ಒಂದೇ ದಿನ ಐದು ಊರುಗಳನ್ನು ಮುಗಿಸುವವರಿದ್ದಾರೆ. ಅವರು ಕಾಣುವುದು ಐದು ವಾಹನ ನಿಲ್ದಾಣಗಳನ್ನು. ಆಗಸ್ಟ್ ತಿಂಗಳನ್ನೂ ಭಾನುವಾರಗಳನ್ನೂ ಬಿಟ್ಟು ಹೊರಡುವುದು ಲೇಸು. ಮಧ್ಯಾಹ್ನ ಅಂಗಡಿಗಳು ಕೆಲವು ಗಂಟೆ ಮುಚ್ಚುತ್ತವೆ. ಊಟದ ಮನೆಗಳಲ್ಲಿಯೂ ಎರಡು, ಎರಡೂವರೆಯ ನಂತರ ಒಲೆ ಆರುತ್ತದೆ. ಮೊದಲ ಹಳ್ಳಿಯಲ್ಲಿಯೇ ಉಂಡು, ಅಲ್ಲಿಯ ಎಣ್ಣೆ, ಗಿಣ್ಣುಗಳನ್ನು ಕೊಳ್ಳುವವನ ಹಣ ಅಲ್ಲಿಯೇ ಉಳಿಯುತ್ತದೆ. ನಗರದಿಂದ ಬುತ್ತಿ ಕಟ್ಟಿಕೊಂಡು ಬಂದವನು ಬಿಟ್ಟುಹೋಗುವುದು ಹೊಗೆಯನ್ನು ಮಾತ್ರ.

ಹಳೆಯ ಊರುಗಳ ನಡುಭಾಗಕ್ಕೆ ಹೊರಗಿನ ವಾಹನಗಳ ಪ್ರವೇಶ ಬಹುಮಟ್ಟಿಗೆ ನಿಷಿದ್ಧ. ಬಿಳಿಯ ಹಿನ್ನೆಲೆಯಲ್ಲಿ ಕೆಂಪು ವೃತ್ತದ ಫಲಕವೇ ಗಡಿ. ದಾಟಿದರೆ ಕ್ಯಾಮೆರಾ ವಾಹನದ ಸಂಖ್ಯೆಯನ್ನು ದಾಖಲಿಸುತ್ತದೆ. ದಂಡದ ಪತ್ರ ತಿಂಗಳುಗಳ ಬಳಿಕ ಬಾಡಿಗೆ ಸಂಸ್ಥೆಯ ಮೂಲಕ ಮನೆಗೇ ಬರುತ್ತದೆ. ನಿಲುಗಡೆಯಲ್ಲಿ ಬಿಳಿಯ ಗೆರೆ ಉಚಿತ, ನೀಲಿ ಗೆರೆಗೆ ಶುಲ್ಕ, ಹಳದಿ ಕಾಯ್ದಿರಿಸಿದ ಜಾಗ. ಭಾರತದ ಚಾಲನಾ ಪರವಾನಗಿಯುಳ್ಳವರು ಹೊರಡುವ ಮುನ್ನವೇ ಇಲ್ಲಿಯ ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಪರವಾನಗಿಯನ್ನು ಪಡೆದಿರಬೇಕು. ಒರ್ವಿಯೇತೊದಲ್ಲಿ ಕಾರನ್ನು ಕೆಳಗೆ ಬಿಟ್ಟು ಚಲಿಸುವ ಮೆಟ್ಟಿಲುಗಳಿಂದ ಮೇಲೇರಬಹುದು. ರೈಲು ನಿಲ್ದಾಣದ ಎದುರಿನಿಂದ ಹಗ್ಗದ ರೈಲೂ ಇದೆ. 1999ರಲ್ಲಿ ‘ನಿಧಾನ ಪಟ್ಟಣ’ಗಳ ಒಕ್ಕೂಟವನ್ನು ಆರಂಭಿಸಿದ ಊರುಗಳಲ್ಲಿ ಇದೂ ಒಂದು.

ಕಾರು ಸಲ್ಲದ ಪ್ರದೇಶಗಳೂ ಉಂಟು. ಲಿಗುರಿಯಾ ಕರಾವಳಿಯ ಚಿಂಕ್ವೆ ತೆರ್ರೆ, ಅಂದರೆ ಐದು ಊರುಗಳ ನಾಡು, ಅಂಥದ್ದು. ಅಲ್ಲಿ ಕಡಿದಾದ ಇಳಿಜಾರಿನಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು ದ್ರಾಕ್ಷಿಯ ಮೆಟ್ಟಿಲು ಗದ್ದೆಗಳನ್ನು ಹಿಡಿದು ನಿಂತಿವೆ. ಪ್ರವಾಸಿಗರು ಹೆಚ್ಚಿದಂತೆ ಗೋಡೆ ಕಟ್ಟುವ ಕೈಗಳು ಹೆಚ್ಚಲಿಲ್ಲ, ಕಡಿಮೆಯಾದವು. ಪಾಳುಬಿದ್ದ ಗದ್ದೆಯ ಗೋಡೆ ಮೊದಲು ಉಬ್ಬುತ್ತದೆ, ಆಮೇಲೆ ಬೀಳುತ್ತದೆ, ಅದರ ಹಿಂದಿನ ಮಣ್ಣು ಸಡಿಲವಾಗುತ್ತದೆ. 2011ರ ಅಕ್ಟೋಬರ್ 25ರಂದು ಕೆಲವೇ ಗಂಟೆಗಳಲ್ಲಿ ಸುರಿದ ಮಳೆಗೆ ವೆರ್ನಾತ್ಸಾ ಮತ್ತು ಮೊಂತೆರೊಸ್ಸೊ ಊರುಗಳ ಬೀದಿಗಳು ಕೆಸರು ಕಲ್ಲುಗಳಲ್ಲಿ ಹೂತುಹೋದವು, ಜೀವಹಾನಿಯೂ ಆಯಿತು. ಮಳೆಯ ಪ್ರಮಾಣ ಅಸಾಧಾರಣವಾಗಿತ್ತೆಂಬುದು ನಿಜ. ಆದರೆ ಗದ್ದೆಗಳನ್ನು ಪಾಳು ಬಿಟ್ಟದ್ದೂ ಹಾನಿಯನ್ನು ಹೆಚ್ಚಿಸಿತು.

ಅಲ್ಲಿಗೆ ಹೋಗುವವರು ಲಾ ಸ್ಪೆತ್ಸಿಯಾದಲ್ಲಿ ಕಾರು ನಿಲ್ಲಿಸಿ ರೈಲು ಹಿಡಿದರೆ ಸುಮಾರು ಹತ್ತು ನಿಮಿಷಗಳಲ್ಲಿ ಮೊದಲ ಊರಾದ ರಿಯೊಮಾಜ್ಜೊರೆಯನ್ನು ತಲುಪುತ್ತಾರೆ. ನಿಲ್ದಾಣದಿಂದ ಹೊರಬಂದು ಮೇಲೆ ನೋಡಿದರೆ ಗೋಡೆಗಳು ಕಾಣುತ್ತವೆ: ಕೆಲವು ನೆಟ್ಟಗೆ ನಿಂತಿವೆ, ಕೆಲವು ಪೊದೆಗಳಲ್ಲಿ ಮುಚ್ಚಿಹೋಗಿವೆ.