ತೋಟ ಕಾಯುವ ಕೋವಿಯ ಶುಚಿಯೂ ರಕ್ಷಣೆಯೂ

(ಮಂಚಿಕೇರಿಯ ಹಿಡುವಳಿದಾರರ ಸಭೆಯಲ್ಲಿ ವ್ಯವಸಾಯದ ಇನ್‌ಸ್ಪೆಕ್ಟರು ಮಾಡಿದ ಭಾಷಣ)



ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ವಿಚಾರವನ್ನು ಹೇಳಬೇಕಾದವನು ಕೋವಿಯ ವಿಚಾರವನ್ನು ಎತ್ತಿದನೆಂದು ತಾವು ಆಶ್ಚರ್ಯಪಡಬಹುದು. ಆದರೆ ಮಂಗಗಳೂ ಕಾಡುಹಂದಿಗಳೂ ತೋಟಕ್ಕೆ ಇಳಿಯುವ ಈ ಸೀಮೆಯಲ್ಲಿ ಕೋವಿಯೂ ಗುದ್ದಲಿ ಕತ್ತಿಗಳಂತೆ ಒಂದು ವ್ಯವಸಾಯೋಪಕರಣವೇ ಆಗಿದೆ. 1959ರ ಆಯುಧಗಳ ಕಾಯಿದೆಯೂ ಬೆಳೆ ಕಾಯುವುದಕ್ಕಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಪ್ರತ್ಯೇಕವಾಗಿ ಹೆಸರಿಸಿದೆ. ಆ ಪರವಾನಗಿ ಬೇಟೆಯ ಅಪ್ಪಣೆಯಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಿರ್ಬಂಧಗಳು ಬೇರೆಯೇ ಉಂಟು. ಇಷ್ಟು ಹೇಳಿ ಆ ಮಾತನ್ನು ಬಿಡುತ್ತೇನೆ.

ಕೋವಿಯನ್ನು ಶುಚಿಮಾಡುವುದಕ್ಕೆ ಮೊದಲು ಅದು ಖಾಲಿಯಾಗಿದೆಯೇ ಎಂಬುದನ್ನು ನೋಡತಕ್ಕದ್ದು. ತೋಟೆ ಕೋವಿಯಾದರೆ ಮುರಿದು ನಳಿಗೆಯೊಳಗೆ ಕಣ್ಣು ಹಾಯಿಸಬಹುದು. ಕೇಪಿನ ಕೋವಿಯಲ್ಲಿ ಆ ಅನುಕೂಲವಿಲ್ಲ. ನಾನು ಬಾಲಕನಾಗಿದ್ದಾಗ ಬಂಧುಗಳ ಮನೆಯೊಂದರಲ್ಲಿ ಹಿರಿಯರೊಬ್ಬರು, "ನಿನ್ನೆಯೇ ಹಾರಿಸಿ ತಂದದ್ದು, ಖಾಲಿಯಿದೆ" ಎಂದು ಹೇಳಿ, ಕೇಪು ಸಿಡಿಯುತ್ತದೆಯೋ ಎಂದು ಪರೀಕ್ಷಿಸಲು ಕುದುರೆಯನ್ನು ಎತ್ತಿ ಬಿಟ್ಟರು. ನಿನ್ನೆ ಹಾರಿಸಿದ ಮೇಲೆ ತೋಟದಲ್ಲಿಯೇ ಮತ್ತೆ ತುಂಬಿದ್ದು ಅವರಿಗೆ ಮರೆತಿತ್ತು. ಚರೆಗಳು ಕೊಟ್ಟಿಗೆಯ ಬಾಗಿಲನ್ನು ತೂರಿ ಹೋದುವು. ಅರೆಗಳಿಗೆಯ ಹಿಂದೆ ನಾನು ಆ ಬಾಗಿಲಿಗೆ ಒರಗಿ ನಿಂತಿದ್ದೆನು.

ಇದಕ್ಕೆ ಉಪಾಯ ಬಲು ಸುಲಭ. ನಳಿಗೆಯನ್ನು ತೊಳೆದು, ಖಾಲಿಯೆಂದು ನಿಶ್ಚಯವಾಗಿರುವಾಗ ಗಜವನ್ನು, ಅಂದರೆ ಮದ್ದು ಜಡಿಯುವ ಕೋಲನ್ನು, ತಳ ಮುಟ್ಟುವಂತೆ ಇಳಿಬಿಟ್ಟು, ನಳಿಗೆಯ ಬಾಯಿಯ ಮಟ್ಟಕ್ಕೆ ಸರಿಯಾಗಿ ಅದರ ಮೇಲೆ ಒಂದು ಗೀರು ಕೊಯ್ಯಿರಿ. ಮುಂದೆ ಯಾವಾಗ ಗಜವನ್ನು ಇಳಿಸಿದರೂ ಆ ಗೀರು ಬಾಯಿಯ ಮಟ್ಟಕ್ಕೆ ಬಾರದೆ ಮೇಲೆಯೇ ನಿಂತರೆ ಒಳಗೆ ಏನೋ ಇದೆಯೆಂದೇ ತಿಳಿಯತಕ್ಕದ್ದು. ಗಜವಿಡುವ ಮೊದಲು ಕೇಪನ್ನು ತೆಗೆದಿರಬೇಕು. ಮುಖವನ್ನಾಗಲಿ ಎದೆಯನ್ನಾಗಲಿ ಬಾಯಿಯ ನೇರಕ್ಕೆ ತರಕೂಡದು. ಮದ್ದು ಇದೆಯೆಂದು ಕಂಡರೆ ಮನೆಯಲ್ಲಿ ಕೆದಕಿ ತೆಗೆಯುವ ಸಾಹಸ ಬೇಡ. ಪರವಾನಗಿಯುಳ್ಳ ಕೋವಿ ರಿಪೇರಿಯವನಿಗೆ ತಿಳಿಸಿರಿ. ಒದ್ದೆ ಮಾಡಿದ ಮದ್ದು ಒಣಗಿದ ಮೇಲೆ ಪುನಃ ಹತ್ತಿಕೊಳ್ಳಬಲ್ಲದು.

ಇನ್ನು ತೊಳೆಯುವ ವಿಚಾರ. ನಮ್ಮವರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಸುಟ್ಟ ಕರಿಮದ್ದಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಹೊಗೆಯಲ್ಲಿ ಹೋಗುವ ಕಣಗಳಾಗಿಯೂ ನಳಿಗೆಯಲ್ಲಿ ಉಳಿಯುವ ಕಿಟ್ಟವಾಗಿಯೂ ಪರಿಣಮಿಸುತ್ತದೆ. ಆ ಕಿಟ್ಟ ಒಂದು ಬಗೆಯ ಕ್ಷಾರ. ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಅದು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಮಾತ್ರ ಕರಗುತ್ತದೆ. ಆದುದರಿಂದ ತೊಳೆಯದ ನಳಿಗೆಗೆ ಎಣ್ಣೆ ಸವರುವುದೆಂದರೆ ಕೊಳೆಯ ಮೇಲೆ ಮುಚ್ಚಳ ಹಾಕಿದಂತೆ. ಬೂದಿ ಹಾಕಿ ಉಜ್ಜುವವರೂ ಉಂಟು. ಬೂದಿಯಲ್ಲಿರುವುದೂ ಅದೇ ಕ್ಷಾರ.

ಹಾರಿಸಿದ ದಿನವೇ, ನಳಿಗೆಯನ್ನು ಮರದಿಂದ ಬಿಡಿಸಲು ಬರುವುದಾದರೆ ಬಿಡಿಸಿ, ಕೇಪು ಕೂರುವ ತೊಟ್ಟು ಮುಳುಗುವಂತೆ ಬಿಸಿನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿರಿ. ಗಜದ ತುದಿಗೆ ಬಟ್ಟೆ ಸುತ್ತಿ ಮೇಲಕ್ಕೂ ಕೆಳಕ್ಕೂ ಎಳೆದರೆ ತೊಟ್ಟಿನ ರಂಧ್ರದಿಂದ ನೀರು ಪಿಚಕಾರಿಯಂತೆ ಒಳಗೆ ಬಂದು ಹೊರಗೆ ಹೋಗುತ್ತದೆ. ನೀರು ಕಪ್ಪಾಗುವುದು ನಿಂತ ಮೇಲೆ ಕಡೆಯಲ್ಲಿ ಕುದಿಯುವ ನೀರನ್ನು ಸುರಿಯಿರಿ. ಕಾದ ನಳಿಗೆ ತಾನೇ ಬೇಗ ಒಣಗುತ್ತದೆ. ಒಣ ಬಟ್ಟೆಯಿಂದ ಒರಸಿ ಹೊಲಿಗೆಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿರಿ. ಕೊಬ್ಬರಿ ಎಣ್ಣೆ ಅಂಟುಗಟ್ಟುತ್ತದೆ, ಸೀಮೆಎಣ್ಣೆ ಆರಿಹೋಗುತ್ತದೆ. ಮರಳಿ ಮದ್ದು ತುಂಬುವಾಗ ಈ ಎಣ್ಣೆಯನ್ನು ಒರಸಲು ಮರೆಯಬೇಡಿರಿ. ತೋಟೆ ಕೋವಿಗೆ ನೀರು ಬೇಡ. ಬ್ರಷ್ಷು, ಬಟ್ಟೆ, ಎಣ್ಣೆ ಸಾಕು.

ಕೊಡಗಿನವರು ಕೈಲ್‌ಪೊಳ್ದಿನಲ್ಲಿ ಕೋವಿಗಳನ್ನು ಶುಚಿಮಾಡಿ ಪೂಜೆಗೆ ಇಡುತ್ತಾರೆ. ನಾವು ಆಯುಧಪೂಜೆಗೆ ಹೊರಗೆ ಕುಂಕುಮ ಹಚ್ಚಿ, ಒಳಗಿನ ತುಕ್ಕನ್ನು ಮರುವರ್ಷದವರೆಗೆ ಕಾಪಾಡುತ್ತೇವೆ! ನಮ್ಮ ಮಳೆಗಾಲಕ್ಕೆ ವರ್ಷಕ್ಕೊಂದು ಪೂಜೆ ಸಾಲದು. ಆಷಾಢ ಶ್ರಾವಣಗಳಲ್ಲಿ ವಾರಕ್ಕೊಮ್ಮೆ ನೋಡತಕ್ಕದ್ದು. ಚರ್ಮದ ಚೀಲದಲ್ಲಿಯೂ ಕಂಬಳಿಯಲ್ಲಿಯೂ ಸುತ್ತಿಟ್ಟರೆ ತೇವ ಕೂಡುತ್ತದೆ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಕೋವಿಯನ್ನೂ ಮದ್ದನ್ನೂ ಒಟ್ಟಿಗೆ ಇಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ದಯವಿಟ್ಟು ಇಂದೇ ಇಳಿಸಿರಿ. ಕೋವಿ ಒಂದು ಬೀಗದಲ್ಲಿ, ಮದ್ದು ಕೇಪುಗಳು ಇನ್ನೊಂದು ಬೀಗದಲ್ಲಿ, ಬೀಗದಕೈ ಯಜಮಾನನ ಸೊಂಟದಲ್ಲಿ ಇರಲಿ.

ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಬೇಕಾಗಿ ಬಂದಾಗ ತೊಳೆದು ಎಣ್ಣೆ ಹಚ್ಚಿಯೇ ಕೊಡಿರಿ. ಹಿಂದಕ್ಕೆ ಬಂದ ದಿನವೇ ಗಜವನ್ನಿಳಿಸಿ ನೋಡಿರಿ. ನಳಿಗೆಯಲ್ಲಿ ಗುಳಿ ಬಿದ್ದಿದ್ದರೆ, ಸೀಳು ಕಂಡರೆ, ಎತ್ತಿದ ಕುದುರೆ ನಿಲ್ಲದೆ ಜಾರಿದರೆ ಅದನ್ನು ಹಾರಿಸಕೂಡದು. ಊರ ಕಮ್ಮಾರನು ಎಷ್ಟೇ ಜಾಣನಾದರೂ ಪರವಾನಗಿಯಿಲ್ಲದೆ ಕೋವಿಯನ್ನು ದುರಸ್ತಿಮಾಡುವುದು ಕಾಯಿದೆಗೆ ವಿರುದ್ಧ. ಅವನನ್ನು ಆ ತೊಂದರೆಗೆ ಗುರಿಮಾಡಬೇಡಿರಿ.

ಅಂಗಳದಲ್ಲಿ ನೀರು ಕಾಯುತ್ತಿದೆ. ಖಾಲಿಯೆಂದು ಪರೀಕ್ಷಿಸಿದ ಒಂದು ಕೋವಿಯನ್ನು ಈಗ ತೊಳೆದು ತೋರಿಸುತ್ತೇನೆ. ಮೊದಲು ತಮ್ಮಲ್ಲೊಬ್ಬರು ಬಂದು ಗಜವನ್ನಿಳಿಸಿ ನನ್ನ ಮಾತನ್ನು ಪರೀಕ್ಷಿಸಬೇಕು.