ಅತಿಥಿಯೂ ಊರಿನ ನೀರೂ

(ಮಸ್ಕತ್ ನಗರದ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಪ್ರವಾಸೋದ್ಯಮದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಪತ್ರ ಬರೆದಾಗ ನನಗೆ ಕೊಂಚ ಸಂಕೋಚವೇ ಆಯಿತು. ಕರ್ನಾಟಕದ ದೇವಾಲಯ, ಜಲಪಾತ, ಕಡಲತೀರಗಳ ವರ್ಣನೆ ಮಾಡಿ ಕುಳಿತುಕೊಳ್ಳುವುದು ಸುಲಭ. ಅವೆಲ್ಲವನ್ನೂ ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ಮಾತ್ರವಲ್ಲ, ದೂರದಲ್ಲಿರುವುದರಿಂದ ನನಗಿಂತ ಹೆಚ್ಚಾಗಿ ನೆನೆಯುತ್ತೀರಿ. ಆದ್ದರಿಂದ ಈ ದಿನ ಆ ಸ್ಥಳಗಳನ್ನು ಬಿಟ್ಟು, ಅವುಗಳ ಪಕ್ಕದಲ್ಲಿ ಬದುಕುವ ಊರುಗಳ ಬಗ್ಗೆ, ಆ ಊರುಗಳ ಪಂಚಾಯತಿಗಳ ಬಗ್ಗೆ, ಅವುಗಳಿಗೆ ಪ್ರವಾಸೋದ್ಯಮ ಸಂಸ್ಥೆಗಳು ಸಲ್ಲಿಸಬೇಕಾದ ಸೇವೆಯ ಬಗ್ಗೆ ಮಾತನಾಡುತ್ತೇನೆ.

ಮೊನ್ನೆ ಇಲ್ಲಿನ ಗೆಳೆಯರು ನನ್ನನ್ನು ಅಲ್ ಹಮ್ರಾ ಬಳಿಯ ಮಿಸ್ಫತ್ ಅಲ್ ಅಬ್ರಿಯೀನ್ ಎಂಬ ಬೆಟ್ಟದ ಊರಿಗೆ ಕರೆದೊಯ್ದರು. ತಮ್ಮಲ್ಲಿ ಅನೇಕರು ಅದನ್ನು ನೋಡಿರಬೇಕು. ಬಂಡೆಯ ಮೇಲೆ ಕಲ್ಲುಮಣ್ಣಿನ ಮನೆಗಳು, ಕೆಳಗೆ ಮೆಟ್ಟಿಲು ಮೆಟ್ಟಿಲಾದ ಖರ್ಜೂರದ ತೋಟ, ನಡುವೆ ಕಾಲುವೆಯಲ್ಲಿ ಹರಿಯುವ ಫಲಜಿನ ನೀರು. ಒಮಾನಿನ ಇಂತಹ ಐದು ಫಲಜುಗಳನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ನನ್ನ ಮನಸ್ಸಿಗೆ ತಟ್ಟಿದ್ದು ಆ ಗೌರವವಲ್ಲ, ನೀರು ಹಂಚುವ ಕ್ರಮ. ಫಲಜಿನ ನೀರು ಮೊದಲು ಕುಡಿಯುವುದಕ್ಕೆ, ಅನಂತರ ಮಸೀದಿಗೆ, ಸ್ನಾನಕ್ಕೆ, ಆಮೇಲೆ ತೋಟಕ್ಕೆ. ತೋಟಗಳ ಪಾಲನ್ನು ಹೊತ್ತಿನ ಲೆಕ್ಕದಲ್ಲಿ ಅಳೆಯುತ್ತಾರೆ. ಹಿಂದೆ ಹಗಲಲ್ಲಿ ನೆರಳನ್ನೂ ಇರುಳಲ್ಲಿ ನಕ್ಷತ್ರಗಳನ್ನೂ ನೋಡಿ ಈ ಲೆಕ್ಕ ಹಿಡಿಯುತ್ತಿದ್ದರು. ಇದನ್ನೆಲ್ಲ ನೋಡಿಕೊಳ್ಳಲು ಊರವರೇ ಒಪ್ಪಿದ ಒಬ್ಬ ವಕೀಲ ಇರುತ್ತಾನೆ. ಅವನು ನ್ಯಾಯಾಲಯದ ವಕೀಲನಲ್ಲ, ನಮ್ಮ ಕೆರೆಯ ನೀರುಗಂಟಿಯಂಥವನು. ನೀರು ಅವನದಲ್ಲ, ಆದರೆ ನೀರಿನ ಲೆಕ್ಕ ಅವನಿಗೆ ತಿಳಿದಿರುತ್ತದೆ.

ಪ್ರವಾಸೋದ್ಯಮ ಸಂಸ್ಥೆ ಎಂದರೆ ಅದು ಊರಿನ ನೀರುಗಂಟಿಯಾಗಿರಬೇಕು, ಕೆರೆಯ ಒಡೆಯನಾಗಬಾರದು. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಇಂತಹ ಸಂಸ್ಥೆಗಳು ಹುಟ್ಟಿದ್ದು ಪ್ರಚಾರಕ್ಕಾಗಿ. ಅಮೆರಿಕದ ಡೆಟ್ರಾಯಿಟ್ ನಗರದ ವ್ಯಾಪಾರಸ್ಥರು 1896ರಲ್ಲಿ ಒಂದುಗೂಡಿ, ತಮ್ಮ ಊರಿಗೆ ಸಮ್ಮೇಳನಗಳನ್ನು ಕರೆತರಲೆಂದೇ ಸಂಬಳ ಕೊಟ್ಟು ಒಬ್ಬ ಪ್ರತಿನಿಧಿಯನ್ನು ನೇಮಿಸಿದರು. ನಮ್ಮ ರಾಜ್ಯದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ 1971ರಲ್ಲಿ ಸ್ಥಾಪನೆಯಾಯಿತು. ಕಾಡಿನ ವಸತಿಗಳನ್ನು ನಡೆಸುವ ಜಂಗಲ್ ಲಾಡ್ಜಸ್ 1980ರಲ್ಲಿ ಬಂತು. ಕಾಸರಗೋಡಿನ ಮಿತ್ರರಿಗೆ ಗೊತ್ತಿರುವಂತೆ, ಕೆಳದಿಯ ಅರಸರ ಕಾಲದ ಬೇಕಲ ಕೋಟೆಯ ಸುತ್ತಣ ಪ್ರದೇಶಕ್ಕಾಗಿಯೇ ಕೇರಳ ಸರ್ಕಾರ 1995ರಲ್ಲಿ ಒಂದು ಪ್ರತ್ಯೇಕ ನಿಗಮವನ್ನು ರಚಿಸಿತು. ಬಸ್ಸು, ವಸತಿಗೃಹ, ಭಿತ್ತಿಪತ್ರ, ಜಾಹೀರಾತು ಇವು ಇಂತಹ ಸಂಸ್ಥೆಗಳ ಕಣ್ಣಿಗೆ ಕಾಣುವ ಕೆಲಸಗಳು. ಅವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಪ್ರವಾಸಿ ಬಂದಿಳಿದ ಮೇಲೆ ಅವನ ಭಾರವನ್ನು ಹೊರುವವರು ಯಾರು?

ಭಾರ ಹೊರುವುದು ಗ್ರಾಮ ಪಂಚಾಯತಿ ಅಥವಾ ಪುರಸಭೆ. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ, ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯೊಂದನ್ನು ಹನ್ನೊಂದನೆಯ ಅನುಸೂಚಿಯಲ್ಲಿ ಕೊಟ್ಟರು. ಆ ಪಟ್ಟಿಯಲ್ಲಿ ಪ್ರವಾಸೋದ್ಯಮ ಎಂಬ ಶಬ್ದವೇ ಇಲ್ಲ. ಆದರೆ ಕುಡಿಯುವ ನೀರು ಇದೆ, ರಸ್ತೆ ಇದೆ, ಆರೋಗ್ಯ ಮತ್ತು ನೈರ್ಮಲ್ಯ ಇದೆ, ಸಂತೆ ಜಾತ್ರೆಗಳಿವೆ, ಸಾಂಸ್ಕೃತಿಕ ಚಟುವಟಿಕೆಗಳಿವೆ. ಪ್ರವಾಸಿಯ ಕಾಲು ಎಲ್ಲೆಲ್ಲಿ ಊರುತ್ತದೆಯೋ ಅದೆಲ್ಲವೂ ಪಂಚಾಯತಿಯ ಹೊಣೆ. ಪ್ರವಾಸಿ ಮಾತ್ರ ಬೇರೆ ಇಲಾಖೆಯ ಅತಿಥಿ!

ಆ ಪಂಚಾಯತಿಯ ಕಚೇರಿಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಒಬ್ಬ ಅಭಿವೃದ್ಧಿ ಅಧಿಕಾರಿ, ಒಬ್ಬ ಬಿಲ್ ಕಲೆಕ್ಟರ್, ಇಬ್ಬರು ಮೂವರು ನೀರುಗಂಟಿಗಳು. ವಾರದ ದಿನಗಳಲ್ಲಿ ಸಾವಿರ ಜನರಿರುವ ಊರಿಗೆ ಭಾನುವಾರ ಮೂರು ಸಾವಿರ ಜನ ಬಂದರೆ ಎಷ್ಟು ನೀರು ಬೇಕು, ಕಸ ಎಲ್ಲಿ ಹಾಕಬೇಕು, ವಾಹನ ಎಲ್ಲಿ ನಿಲ್ಲಬೇಕು ಎಂಬ ಲೆಕ್ಕ ಹಾಕುವ ಪರಿಣತಿ ಅಲ್ಲಿಲ್ಲ. ಅದು ಅವರ ದೋಷವಲ್ಲ. ಈ ಪರಿಣತಿಯನ್ನು ಒದಗಿಸುವುದೇ ಪ್ರವಾಸೋದ್ಯಮ ಸಂಸ್ಥೆಯ ನಿಜವಾದ ಸೇವೆ. ಬರುವವರನ್ನು ಎಣಿಸುವುದು, ಊರು ಎಷ್ಟು ಜನರನ್ನು ತಾಳಬಲ್ಲದೆಂದು ಅಳೆಯುವುದು, ಹಳೆಯ ಕಟ್ಟಡಗಳ ಪಟ್ಟಿ ಮಾಡುವುದು, ಶೌಚಾಲಯದ ನೀರು ಹೊಳೆ ಸೇರದಂತೆ ನಕ್ಷೆ ಹಾಕುವುದು, ಊರಿನ ಹುಡುಗ ಹುಡುಗಿಯರಿಗೆ ಮಾರ್ಗದರ್ಶಿಗಳಾಗಿ ತರಬೇತಿ ಕೊಡುವುದು, ಶುಲ್ಕ ಎಷ್ಟು, ಅದರಲ್ಲಿ ಊರಿಗೆ ಎಷ್ಟು ಎಂಬ ನಿಯಮವನ್ನು ಬರೆದುಕೊಡುವುದು, ಅನುದಾನಕ್ಕೆ ಅರ್ಜಿ ಸಿದ್ಧಪಡಿಸುವುದು. ವೈದ್ಯರು ಔಷಧಿಯ ಚೀಟಿ ಬರೆಯುವಂತೆ ಇವನ್ನು ಬರೆದು ಎದ್ದು ಹೋಗುವುದಲ್ಲ. ರೋಗಿಗೆ ಅರ್ಥವಾಗುವವರೆಗೆ ಕುಳಿತು ಹೇಳುವುದು.

ಈ ಸೇವೆ ತಡವಾಗಿ ಬಂದರೆ ಏನಾಗುತ್ತದೆಂಬುದಕ್ಕೆ ನಮ್ಮ ಹಂಪಿಯೇ ಸಾಕ್ಷಿ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತುಂಗಭದ್ರೆಯ ಆಚೆ ದಡದ ಆನೆಗೊಂದಿಯ ಜನ ಹೊಳೆ ದಾಟಲು ಹರಿಗೋಲನ್ನೇ ನಂಬಿದ್ದರು. ಅವರಿಗೆ ಸೇತುವೆ ಬೇಕಿತ್ತು. ಅದು ನ್ಯಾಯವಾದ ಬೇಡಿಕೆ. ಸೇತುವೆಯ ಕೆಲಸ ಆರಂಭವಾಯಿತು. ಸಂರಕ್ಷಿತ ಪ್ರದೇಶದೊಳಗೆ ಅದನ್ನು ಕಟ್ಟಿದರೆ ಏನಾದೀತೆಂದು ಯಾರೂ ಮೊದಲೇ ಕುಳಿತು ಯೋಚಿಸಿದಂತೆ ಕಾಣಲಿಲ್ಲ. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಕೆಲಸ ವರ್ಷಗಟ್ಟಲೆ ನಿಂತಿತು. ರಾಜ್ಯ ಶಾಸನಸಭೆ 2002ರ ಕಾಯಿದೆಯ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ ದಾರಿ ಮಾಡಿತು. 29 ಹಳ್ಳಿಗಳು ಅದರ ವ್ಯಾಪ್ತಿಗೆ ಬಂದವು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. ಆದರೆ 2009ರ ಜನವರಿಯಲ್ಲಿ ಆ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು, ಕೆಲಸಗಾರರು ಪ್ರಾಣ ಕಳೆದುಕೊಂಡರು. ಕೊನೆಗೆ ಸ್ವಲ್ಪ ದೂರದಲ್ಲಿ, ಬುಕ್ಕಸಾಗರ ಮತ್ತು ಕಡೇಬಾಗಿಲುಗಳ ನಡುವೆ, ಬೇರೊಂದು ಸೇತುವೆಯಾಯಿತು. ಅದೇ ಜಾಗವನ್ನು ಮೊದಲ ದಿನವೇ ಆರಿಸಿದ್ದರೆ ಎಂದು ಯಾರಿಗಾದರೂ ಅನಿಸದಿರದು.

ತಜ್ಞರೂ ಕಾಯಿದೆಯೂ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ ಎಂಬುದನ್ನೂ ಹೇಳಬೇಕು. 2011ರ ಜುಲೈ ತಿಂಗಳಲ್ಲಿ ವಿರೂಪಾಕ್ಷ ದೇವಾಲಯದ ಮುಂದಿನ ಹಂಪಿ ಬಜಾರಿನ ಮನೆ ಅಂಗಡಿಗಳನ್ನು ತೆರವು ಮಾಡಿದರು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಸ್ಥಳ ಬಿಡಬೇಕಾಯಿತು. ಪ್ರಾಚೀನ ಮಂಟಪಗಳನ್ನು ಉಳಿಸುವುದು ಅಗತ್ಯವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ಮಂಟಪಗಳ ನಡುವೆ ಪ್ರವಾಸಿಗೆ ಚಹಾ ಕೊಟ್ಟು, ಹೂ ಮಾರಿ, ಕೋಣೆ ಬಾಡಿಗೆಗೆ ಕೊಟ್ಟು ಬದುಕಿದವರು ಎಷ್ಟೋ ವರ್ಷ ಎಲ್ಲರ ಕಣ್ಣೆದುರಿನಲ್ಲೇ ಇದ್ದರು. ಅವರೊಡನೆ ಮಾತುಕತೆ ಮೊದಲೇ ಆಗಬೇಕಿತ್ತಲ್ಲವೆ? ಪರಿಣತಿ ಇದ್ದು ಊರಿನ ಮಾತು ಇಲ್ಲದಿದ್ದರೆ ಕಲ್ಲು ಉಳಿಯುತ್ತದೆ, ಊರು ಉಳಿಯುವುದಿಲ್ಲ. ಊರಿನ ಮಾತಿದ್ದು ಪರಿಣತಿ ಇಲ್ಲದಿದ್ದರೆ ಎರಡೂ ಉಳಿಯುವುದಿಲ್ಲ.

ಎರಡನ್ನೂ ಕೂಡಿಸುವ ಪ್ರಯತ್ನ ನಮ್ಮಲ್ಲಿ ನಡೆಯದೆ ಇಲ್ಲ. 2003ರ ಸುಮಾರಿಗೆ ಕೇಂದ್ರ ಪ್ರವಾಸೋದ್ಯಮ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದೊಡನೆ ಸೇರಿ ದೇಶದ 36 ಸ್ಥಳಗಳಲ್ಲಿ ಗ್ರಾಮೀಣ ಪ್ರವಾಸೋದ್ಯಮದ ಯೋಜನೆಯೊಂದನ್ನು ಕೈಗೊಂಡಿತು. ಆನೆಗೊಂದಿ ಮತ್ತು ಬನವಾಸಿ ಅವುಗಳಲ್ಲಿ ಸೇರಿದ್ದವು. ರಸ್ತೆ, ಕಟ್ಟಡ, ಅಂಗಳಗಳಿಗೆ 50 ಲಕ್ಷ ರೂಪಾಯಿಗಳವರೆಗೆ. ಜನರ ತರಬೇತಿ, ಕರಕುಶಲ, ಸಂಘಟನೆಗಳಿಗೆ 20 ಲಕ್ಷದವರೆಗೆ. ಊರಿನ ಸಮಿತಿ, ಜಿಲ್ಲಾಧಿಕಾರಿ, ಸ್ವಯಂಸೇವಾ ಸಂಸ್ಥೆ ಈ ಮೂವರೂ ಕೂಡಿ ನಡೆಸಬೇಕೆಂಬ ನಿಯಮವಿತ್ತು. ಕಟ್ಟಡದ ಜೊತೆಗೆ ಮನುಷ್ಯರ ತರಬೇತಿಗೂ ಪ್ರತ್ಯೇಕ ಹಣವಿಟ್ಟದ್ದು ನನ್ನ ದೃಷ್ಟಿಯಲ್ಲಿ ಅದರ ಹೆಚ್ಚುಗಾರಿಕೆ. ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್ ಊರಿನ ಹೆಂಗಸರೊಡನೆ ಬಾಳೆನಾರಿನ ಕೆಲಸವನ್ನು ಬೆಳೆಸಿತು. ಗೊನೆ ಕಡಿದ ಮೇಲೆ ತಿಪ್ಪೆ ಸೇರುತ್ತಿದ್ದ ಬಾಳೆಯ ದಿಂಡು ಬುಟ್ಟಿಯಾಗಿ ಪ್ರವಾಸಿಯ ಕೈ ಸೇರಿದಾಗ, ಅದರ ಹಣ ಆ ಊರಿನಲ್ಲೇ ನಿಲ್ಲುತ್ತದೆ.

ನನ್ನದೇ ಒಂದು ಅನುಭವವನ್ನು ಹೇಳಲು ಅಪ್ಪಣೆ ಕೊಡಿ. ಹಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಪಂಚಾಯತಿಯ ಸಭೆಗೆ ನಾನು ಸಲಹೆಗಾರರ ತಂಡದೊಡನೆ ಹೋಗಿದ್ದೆ. ನಮ್ಮ ತಂಡದವರು ಬಣ್ಣದ ಚಿತ್ರಗಳಿದ್ದ ಇಂಗ್ಲಿಷ್ ವರದಿಯೊಂದನ್ನು ಮೇಜಿನ ಮೇಲೆ ಇಟ್ಟು, ಅರ್ಧ ಗಂಟೆ ವಿವರಿಸಿದರು. ಎಲ್ಲರೂ ಸುಮ್ಮನೆ ಕೇಳಿದರು. ಕೊನೆಗೆ ಅಧ್ಯಕ್ಷೆಯಾಗಿದ್ದ ಒಬ್ಬ ವೃದ್ಧೆ ಕೇಳಿದರು: "ಸ್ವಾಮಿ, ಹತ್ತು ಬಸ್ಸು ಬರ್ತದೆ ಅಂದ್ರಿ, ಸಂತೋಷ. ಏಪ್ರಿಲ್ ತಿಂಗಳಲ್ಲಿ ನಮ್ಮ ಬಾವಿಯಲ್ಲೇ ನೀರಿರೋದಿಲ್ಲ. ಬಂದವರಿಗೆ ಏನು ಕೊಡೋದು?" ನಾವು ವರದಿಯ ಹಾಳೆಗಳನ್ನು ತಿರುವಿದೆವು. ಅದರಲ್ಲಿ ಏಪ್ರಿಲ್ ತಿಂಗಳೇ ಇರಲಿಲ್ಲ. ನಾನು ತಲೆ ತಗ್ಗಿಸಿ ಕುಳಿತೆ. ಅಂದಿನಿಂದ ಯಾವ ಯೋಜನೆಯನ್ನು ಓದಿದರೂ ಮೊದಲು ಬೇಸಗೆಯ ನೀರಿನ ಪುಟವನ್ನು ಹುಡುಕುವುದು ನನಗೆ ಅಭ್ಯಾಸವಾಗಿದೆ.

ಈಗ ತಾವು ನೆಲೆಸಿರುವ ಈ ದೇಶವನ್ನು ನೋಡೋಣ. ಇಲ್ಲಿ 2004ರಲ್ಲಿ ಪ್ರವಾಸೋದ್ಯಮಕ್ಕೆ ಪ್ರತ್ಯೇಕ ಸಚಿವಾಲಯ ಬಂತು. ಮರುವರ್ಷ ಒಮ್ರಾನ್ ಎಂಬ ಅಭಿವೃದ್ಧಿ ಸಂಸ್ಥೆ ಸ್ಥಾಪನೆಯಾಯಿತು. 2016ರಲ್ಲಿ 2040ರವರೆಗಿನ ಯೋಜನೆಯನ್ನು ಪ್ರಕಟಿಸಿದರು. 2020ರಲ್ಲಿ ಪರಂಪರೆ ಮತ್ತು ಪ್ರವಾಸೋದ್ಯಮಗಳನ್ನು ಒಂದೇ ಸಚಿವಾಲಯಕ್ಕೆ ತಂದರು. ಇನ್ನೊಂದು ಕಡೆ 2012ರಲ್ಲಿ ಪುರಸಭಾ ಮಂಡಳಿಗಳಿಗೆ ಮೊದಲ ಚುನಾವಣೆ ನಡೆಯಿತು. 2022ರ ರಾಜಾಜ್ಞೆ ಪ್ರಾಂತಗಳ ಮತ್ತು ಪುರಸಭೆಗಳ ಆಡಳಿತಕ್ಕೆ ಹೊಸ ರೂಪ ಕೊಟ್ಟಿತು. ಸಲಾಲದಲ್ಲಿ ಮಳೆಗಾಲದ ಖರೀಫ್ ಉತ್ಸವವನ್ನು ನಡೆಸುವುದು ಧೋಫಾರ್ ಪುರಸಭೆಯೇ. ನೀರು, ದಾರಿ, ಕಸ ನೋಡಿಕೊಳ್ಳುವ ಸಂಸ್ಥೆಯೇ ಅತಿಥಿಯನ್ನೂ ಕರೆದರೆ, ಕರೆಯುವ ಮುನ್ನ ಒಮ್ಮೆ ಹಂಡೆಯ ನೀರು ನೋಡುವುದು ಸಹಜ.

ಮಿಸ್ಫಾದ ಜನ ಹೊಸ ಮನೆ ಕಟ್ಟಿಕೊಂಡು ಹಳೆಯ ಮನೆಗಳಿಂದ ಹೊರಗೆ ಹೋಗಿದ್ದರು. ಬೀಗ ಹಾಕಿದ ಮಣ್ಣಿನ ಮನೆ ಹೆಚ್ಚು ಕಾಲ ನಿಲ್ಲುವುದಿಲ್ಲ. ಆ ಊರಿನವರೇ ಮರಳಿ ಬಂದು, ಕೆಲವು ಮನೆಗಳನ್ನು ಹಳೆಯ ಕ್ರಮದಲ್ಲೇ ದುರಸ್ತಿ ಮಾಡಿ ಅತಿಥಿಗೃಹಗಳನ್ನಾಗಿ ಮಾಡಿದರು. 2021ರಲ್ಲಿ ವಿಶ್ವ ಪ್ರವಾಸೋದ್ಯಮ ಸಂಸ್ಥೆ ಮೊದಲ ಬಾರಿಗೆ ಆರಿಸಿದ ಉತ್ತಮ ಪ್ರವಾಸಿ ಗ್ರಾಮಗಳಲ್ಲಿ ಮಿಸ್ಫಾ ಒಂದಾಯಿತು. ಅತಿಥಿ ಗೌರವದ ಉಡುಪಿನಲ್ಲಿರಬೇಕು, ಫಲಜಿನ ನೀರಿಗೆ ಇಳಿಯಬಾರದು ಎಂಬುದು ಅಲ್ಲಿನ ರೂಢಿ. ನಾವೂ ಅದನ್ನು ಪಾಲಿಸಿದೆವು, ಯಾರಿಗೂ ಬೇಸರವಾಗಲಿಲ್ಲ. ನಿಯಮ ಊರಿನದಾದರೆ ಅತಿಥಿ ಅದನ್ನು ಮನೆಯ ಸಂಪ್ರದಾಯದಂತೆ ಕಾಣುತ್ತಾನೆ.

ಆ ಮನೆಗಳನ್ನು ನೋಡುತ್ತಿದ್ದಾಗ ನನ್ನ ಕಣ್ಣಿಗೆ ಬಂದದ್ದು ನಮ್ಮ ಕರಾವಳಿಯ, ಮಲೆನಾಡಿನ, ಬಯಲುಸೀಮೆಯ ಬೀಗ ಹಾಕಿದ ಮನೆಗಳು. ತಮ್ಮಲ್ಲಿ ಎಷ್ಟು ಜನರ ಕೀಲಿಕೈ ಪೆಟ್ಟಿಗೆಯಲ್ಲಿ ಅಂತಹ ಒಂದು ಮನೆಯ ಬೀಗದ ಕೈ ಇದೆಯೋ ನಾನು ಕೇಳುವುದಿಲ್ಲ. ನಾಳೆ ಯಾರೋ ಬಂದು ಅದನ್ನು ಹೋಮ್‌ಸ್ಟೇ ಮಾಡುತ್ತೇವೆಂದು ಹೇಳಬಹುದು; ತಾವೇ ಹಾಗೆ ಯೋಚಿಸಲೂಬಹುದು. ಒಳ್ಳೆಯದೇ. ಆದರೆ ಮೂರು ಮಾತುಗಳನ್ನು ನೆನಪಿಡಬೇಕೆಂದು ವಿನಂತಿ.

ಮೊದಲನೆಯದು, ಹೂಡಿಕೆಯ ಮಾತು ಎತ್ತುವ ಮುನ್ನ ಗ್ರಾಮಸಭೆಯ ಮಾತು ಕೇಳಿ. ರಜೆಗೆ ಹೋದಾಗ ದೇವಸ್ಥಾನಕ್ಕೆ ಹೋಗುವಂತೆ ಒಮ್ಮೆ ಪಂಚಾಯತಿ ಕಚೇರಿಗೂ ಹೋಗಿ ಬನ್ನಿ. ಎರಡನೆಯದು, ಇಲ್ಲಿ ತಾವು ಗಳಿಸಿರುವ ಪರಿಣತಿ ಸಣ್ಣದಲ್ಲ. ನೀರು ಶುದ್ಧೀಕರಣ, ರಸ್ತೆ, ಕಟ್ಟಡ, ಆಸ್ಪತ್ರೆ, ಹೋಟೆಲು, ಲೆಕ್ಕಪತ್ರ, ಎಲ್ಲವನ್ನೂ ಬಲ್ಲವರು ಈ ಸಭಾಂಗಣದಲ್ಲೇ ಇದ್ದೀರಿ. ಊರಿಗೆ ದೇಣಿಗೆಯಾಗಿ ದೀಪಸ್ತಂಭವನ್ನೋ ಸ್ವಾಗತ ಕಮಾನನ್ನೋ ಕೊಡುವ ಬದಲು, ಎರಡು ವಾರ ಕುಳಿತು ಬೇಸಗೆಯ ನೀರಿನ ಲೆಕ್ಕವೊಂದನ್ನು ಕನ್ನಡದಲ್ಲಿ ಬರೆದುಕೊಡಿ. ಅದಕ್ಕೆ ಹೆಸರಿನ ಫಲಕ ಇರುವುದಿಲ್ಲ. ಆದರೆ ಅದು ಕಮಾನಿಗಿಂತ ಹೆಚ್ಚು ಕಾಲ ಬಾಳುತ್ತದೆ. ಮೂರನೆಯದು, ಸಲಹೆ ಕೊಟ್ಟ ಮೇಲೆ ತೀರ್ಮಾನವನ್ನು ಊರಿಗೇ ಬಿಡಿ. ಅವರು ಬೇಡವೆಂದರೆ ಬೇಡ. ನಾವು ಊರು ಬಿಟ್ಟವರು. ಅಲ್ಲಿ ಉಳಿದವರ ಮಾತಿಗೆ ಒಂದು ತೂಕ ಹೆಚ್ಚು ಇರಲೇಬೇಕು.

ಅತಿಥಿಯನ್ನು ದೇವರೆಂದು ಕಂಡ ಸಂಸ್ಕೃತಿ ನಮ್ಮದು. ಬಂದವರಿಗೆ ಮೊದಲು ನೀರು ಕೊಡುವುದು ನಮ್ಮ ಮನೆಗಳ ಪದ್ಧತಿ. ಆದರೆ ಆ ಚೊಂಬು ತುಂಬಬೇಕಾದರೆ ಬಾವಿಯಲ್ಲಿ ನೀರಿರಬೇಕು. ಬಾವಿಯನ್ನು ನೋಡಿಕೊಳ್ಳುವವರೊಬ್ಬರು ಮನೆಯಲ್ಲಿರಬೇಕು. ಮಲೆನಾಡಿನ ಆ ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಬಲ್ಲ ಸಂಸ್ಥೆಯೇ ಊರಿಗೆ ಬೇಕಾದ ಪ್ರವಾಸೋದ್ಯಮ ಸಂಸ್ಥೆ.