ಯೋಜನೆ ಹಾಕುವುದು ಬೇರೆ, ಮುಗಿಸುವುದು ಬೇರೆ

(ಬೆಳುವಾಯಿಯಲ್ಲಿ ಸಂಘದ ಸದಸ್ಯರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ತರಬೇತಿಯ ಬಗ್ಗೆ ಮಾತನಾಡಲು ಇಂಜಿನಿಯರ್ ಒಬ್ಬರನ್ನು ಕರೆಯಬಹುದಿತ್ತಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನನಗೂ ಹಾಗೆಯೇ ಅನಿಸಿತ್ತು. ಆದರೆ ಒಂದು ಕೆಲಸವನ್ನು ಕೆಡಿಸಿದ ಅನುಭವ ನನಗಿದೆ. ಅಲ್ಲಿಂದಲೇ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ಒಂದು ಶಾಲೆಯಲ್ಲಿ ವಾಚನಾಲಯ ಕಟ್ಟಲು ಹೊರಟೆವು. ಫೆಬ್ರವರಿಯಲ್ಲಿ ಅಡಿಪಾಯ, ಜೂನ್‌ನಲ್ಲಿ ಉದ್ಘಾಟನೆ ಎಂದು ನಿಶ್ಚಯವಾಗಿತ್ತು. ಮುರಕಲ್ಲಿನ ಗೋಡೆ ಏಪ್ರಿಲ್ ಹೊತ್ತಿಗೆ ಎದ್ದಿತು. ಮಾಡಿಗೆ ಮರವೋ, ಕಬ್ಬಿಣದ ಪೈಪೋ ಎಂಬ ಚರ್ಚೆ ಮೂರು ಸಭೆಗಳಲ್ಲಿ ನಡೆಯಿತು. ಕೊನೆಯ ಮಾತು ಯಾರದ್ದು ಎಂದು ಎಲ್ಲಿಯೂ ಬರೆದಿರಲಿಲ್ಲ. ಮಳೆ ಬಂತು. ದಾನಿಗಳು ಕೊಟ್ಟ ಪುಸ್ತಕಗಳು ಪಕ್ಕದ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿದ್ದವು. ಆಗಸ್ಟ್‌ನಲ್ಲಿ ತೆರೆದಾಗ ಅರ್ಧದಷ್ಟಕ್ಕೆ ಬೂಷ್ಟು ಹಿಡಿದಿತ್ತು. ಆ ಸಮಿತಿಯ ಕಾರ್ಯದರ್ಶಿ ನಾನೇ ಆಗಿದ್ದೆ. ನಮ್ಮಲ್ಲಿ ಹಣವೂ ಇತ್ತು, ಜನರೂ ಇದ್ದರು, ಒಳ್ಳೆಯ ಮನಸ್ಸೂ ಇತ್ತು.

ಉರ್ದುವಿನಲ್ಲಿ ಎರಡು ಪದಗಳಿವೆ. ಮನ್ಸೂಬಾ ಎಂದರೆ ಯೋಜನೆ. ಇಂತಿಜಾಮ್ ಎಂದರೆ ವ್ಯವಸ್ಥೆ. ನಾವು ಮನ್ಸೂಬಾ ಕಟ್ಟುವುದರಲ್ಲಿ ಗಟ್ಟಿಗರು. ಎರಡನೆಯದು ಕಲಿತು ಬರುವ ವಿದ್ಯೆ.

ಈಗ ನಮ್ಮ ಕರಾವಳಿಯದ್ದೇ ಒಂದು ಉದಾಹರಣೆ ನೋಡೋಣ. ಮಂಗಳೂರಿನಿಂದ ಮುಂಬಯಿಗೆ ರೈಲಿನಲ್ಲಿ ಹೋದವರು ನಿಮ್ಮಲ್ಲಿ ಅನೇಕರಿದ್ದೀರಿ. ಮಂಗಳೂರು ಬಳಿಯ ತೋಕೂರಿನಿಂದ ಮಹಾರಾಷ್ಟ್ರದ ರೋಹಾದವರೆಗೆ 741 ಕಿಲೋಮೀಟರ್ ಉದ್ದದ ಕೊಂಕಣ ರೈಲು ಮಾರ್ಗದಲ್ಲಿ 90ಕ್ಕೂ ಹೆಚ್ಚು ಸುರಂಗಗಳು, ಚಿಕ್ಕದು ದೊಡ್ಡದು ಸೇರಿ ಸುಮಾರು 2,000 ಸೇತುವೆಗಳಿವೆ. ಹೊನ್ನಾವರದ ಶರಾವತಿ ಸೇತುವೆಯೊಂದೇ ಎರಡು ಕಿಲೋಮೀಟರಿಗೂ ಉದ್ದ. 1990ರಲ್ಲಿ ನಿಗಮ ಸ್ಥಾಪನೆಯಾದಾಗ, ಆಗಷ್ಟೇ ರೈಲ್ವೆ ಸೇವೆಯಿಂದ ನಿವೃತ್ತರಾಗಿದ್ದ ಇ. ಶ್ರೀಧರನ್ ಅವರನ್ನು ಮುಖ್ಯಸ್ಥರನ್ನಾಗಿ ಮಾಡಲಾಯಿತು.

ಅವರು ಮೊದಲು ಬಗೆಹರಿಸಬೇಕಾಗಿದ್ದುದು ಹಣದ ಮತ್ತು ಅಧಿಕಾರದ ಪ್ರಶ್ನೆ. ನಿಗಮದ ಬಂಡವಾಳದಲ್ಲಿ ಆರಂಭದಲ್ಲಿ ಕೇಂದ್ರದ ಪಾಲು ಶೇಕಡಾ 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಉಳಿದ ಹಣವನ್ನು ಬಾಂಡುಗಳ ಮೂಲಕ ಎತ್ತಿದರು. ಸಾಲಕ್ಕೆ ಬಡ್ಡಿ ಇದೆ, ಆದ್ದರಿಂದ ತಡವಾದ ಪ್ರತಿ ದಿನಕ್ಕೂ ಬೆಲೆ ಇದೆ. ಮಾರ್ಗವನ್ನು ಏಳು ವಿಭಾಗ ಮಾಡಿ, ಸುಮಾರು ನೂರು ಕಿಲೋಮೀಟರಿಗೊಬ್ಬ ಮುಖ್ಯ ಇಂಜಿನಿಯರನ್ನು ನೇಮಿಸಿ, ಸ್ಥಳದಲ್ಲೇ ತೀರ್ಮಾನ ಮಾಡುವ ಅಧಿಕಾರ ಕೊಟ್ಟರು. ನಮ್ಮ ಕಡೆಯದು ಉಡುಪಿ ವಿಭಾಗ. ಕೆಲಸ ಮುಗಿಯಲು ಇನ್ನೆಷ್ಟು ದಿನ ಉಳಿದಿದೆ ಎಂದು ಹಿಂದಕ್ಕೆ ಎಣಿಸುವ ಗಡಿಯಾರಗಳನ್ನು ಕಚೇರಿಗಳಲ್ಲಿ ತೂಗುಹಾಕಿದ್ದು ಪ್ರಸಿದ್ಧವಾದ ಸಂಗತಿ. ಮಂಗಳೂರು–ಉಡುಪಿ ನಡುವೆ 1993ರ ಮಾರ್ಚ್‌ನಲ್ಲೇ ರೈಲು ಓಡಿತು. ಇಡೀ ಮಾರ್ಗ ಮುಗಿಯುವವರೆಗೆ ಕಾಯದೆ, ಮುಗಿದಷ್ಟನ್ನು ಜನರ ಉಪಯೋಗಕ್ಕೆ ಕೊಟ್ಟದ್ದನ್ನು ಗಮನಿಸಿ. ನಮ್ಮ ವಾಚನಾಲಯಕ್ಕೂ ಮೊದಲು ಒಂದು ಕಪಾಟು, ಎರಡು ಬೆಂಚು ಇಟ್ಟು ವರಾಂಡದಲ್ಲೇ ಓದಲು ಬಿಡಬಹುದಿತ್ತು. ಉದ್ಘಾಟನೆಯ ಆಸೆ ನಮ್ಮನ್ನು ತಡೆಯಿತು.

ಹಾಗೆಂದು ಅಲ್ಲಿ ಎಲ್ಲವೂ ಲೆಕ್ಕದಂತೆ ನಡೆಯಿತು ಎಂದು ತಿಳಿಯಬೇಡಿ. ಸುಮಾರು ಐದು ವರ್ಷಗಳ ಗುರಿ ಇಟ್ಟಿದ್ದರು. ಪೂರ್ಣ ಮಾರ್ಗ ಉದ್ಘಾಟನೆಯಾದದ್ದು 1998ರ ಜನವರಿ 26ರಂದು. ಗೋವಾದಲ್ಲಿ ಮಾರ್ಗದ ವಿರುದ್ಧ ಚಳವಳಿ ನಡೆದು, ಕೆಲಸ ಸ್ವಲ್ಪ ಕಾಲ ನಿಂತು, ಓಜಾ ಆಯೋಗದ ವಿಚಾರಣೆ ನಡೆಯಿತು. ಪೆರ್ನೆಮ್ ಸುರಂಗದಲ್ಲಿ ಮೆದು ಮಣ್ಣು ಮತ್ತೆ ಮತ್ತೆ ಕುಸಿದು ಪ್ರಾಣಹಾನಿಯೂ ಆಯಿತು. ಒಂದು ಜನರಿಗೆ ಸಂಬಂಧಿಸಿದ ಅಪಾಯ, ಇನ್ನೊಂದು ನೆಲಕ್ಕೆ ಸಂಬಂಧಿಸಿದ್ದು. ಇವೆರಡನ್ನೂ ಮೊದಲೇ ಕೇಳಿ, ಬರೆದು, ಯಾರು ನೋಡಿಕೊಳ್ಳಬೇಕೆಂದು ಹೆಸರು ಹಾಕುವುದನ್ನೇ ತರಬೇತಿಯಲ್ಲಿ ರಿಸ್ಕ್ ರಿಜಿಸ್ಟರ್ ಎಂದು ಕಲಿಸುತ್ತಾರೆ. ಬಿಕರ್ನಕಟ್ಟೆಯಿಂದ ಸಾಣೂರಿನವರೆಗಿನ ಚತುಷ್ಪಥ ರಸ್ತೆಯ ಕೆಲಸ ಭೂಸ್ವಾಧೀನ, ಪರಿಹಾರದ ತಕರಾರಿನಿಂದ ಎಷ್ಟು ಎಳೆಯಿತೆಂಬುದು ಮೂಡಬಿದಿರೆಗೆ ಓಡಾಡುವ ನಿಮಗೆ ನಾನು ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳು ಒಂದು ವಿಷಯವನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಅದು ಕ್ರಿಟಿಕಲ್ ಪಾತ್. 1957ರ ಸುಮಾರಿಗೆ ಅಮೆರಿಕದ ಡ್ಯೂಪಾಂಟ್ ಕಂಪೆನಿಯಲ್ಲಿ ರೂಪುಗೊಂಡ ವಿಧಾನ. ಹೆಸರು ದೊಡ್ಡದು, ವಿಷಯ ಸರಳ. ನಮ್ಮ ವಾಚನಾಲಯವನ್ನೇ ತೆಗೆದುಕೊಳ್ಳಿ. ಅಡಿಪಾಯವಾಗದೆ ಗೋಡೆ ಇಲ್ಲ, ಗೋಡೆಯಾಗದೆ ಮಾಡು ಇಲ್ಲ, ಮಾಡಾಗದೆ ವಯರಿಂಗ್ ಇಲ್ಲ. ಇದು ಒಂದೇ ಸರಪಳಿ. ಕಪಾಟು ಮಾಡುವ ಬಡಗಿಯ ಕೆಲಸ ಮಾತ್ರ ಬೇರೆ. ಗೋಡೆ ಏಳುತ್ತಿರುವಾಗಲೇ ಅವನು ತನ್ನ ಅಂಗಡಿಯಲ್ಲಿ ಕಪಾಟು ಮಾಡಬಹುದು. ಅವನು ಹದಿನೈದು ದಿನ ತಡ ಮಾಡಿದರೂ ನಷ್ಟವಿಲ್ಲ. ಮಾಡಿನ ಸಾಮಾನು ಹದಿನೈದು ದಿನ ತಡವಾದರೆ ಇಡೀ ಕೆಲಸ ಮಳೆಗಾಲದ ಆಚೆಗೆ ಬೀಳುತ್ತದೆ. ನಾನು ಆ ಏಪ್ರಿಲಿನಲ್ಲಿ ವಾರಕ್ಕೆ ಎರಡು ಸಲ ಬಡಗಿಯ ಅಂಗಡಿಗೆ ಹೋಗಿ ಜಗಳ ಮಾಡಿ ಬರುತ್ತಿದ್ದೆ. ಪಾಪ, ಅವನ ಕಪಾಟು ಎಲ್ಲರಿಗಿಂತ ಮೊದಲು ಸಿದ್ಧವಾಯಿತು.

ಇನ್ನು ಸರ್ಟಿಫಿಕೇಟಿನ ವಿಚಾರ. ಇಲ್ಲಿ ಪೋಷಕರು ಸ್ವಲ್ಪ ಕಿವಿಗೊಡಬೇಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪದವಿ ಮುಗಿಸಿದ ತಕ್ಷಣ ಒಂದು ಸಂಸ್ಥೆಗೆ ಫೀಸು ಕಟ್ಟಿದ. ಅವನ ತಂದೆ ಗಲ್ಫಿನಲ್ಲಿ ಡ್ರೈವರ್. ಪಿ.ಎಂ.ಪಿ. ಮಾಡಿಸಿ ದುಬೈಯಲ್ಲಿ ಮ್ಯಾನೇಜರ್ ಕೆಲಸ ಸಿಗುವಂತೆ ಮಾಡುತ್ತೇವೆ ಎಂದಿದ್ದರಂತೆ. ತರಗತಿ ಮುಗಿದ ಮೇಲೆ ಪರೀಕ್ಷೆಗೆ ಅರ್ಜಿ ಹಾಕಲು ಹೋದರೆ, ಅವನಿಗೆ ಅರ್ಹತೆಯೇ ಇರಲಿಲ್ಲ. ಪಿ.ಎಂ.ಪಿ. ಕೊಡುವುದು ಅಮೆರಿಕದಲ್ಲಿ 1969ರಲ್ಲಿ ಸ್ಥಾಪನೆಯಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್. ಅದಕ್ಕೆ 35 ಗಂಟೆಗಳ ತರಬೇತಿ ಸಾಲದು. ಪದವೀಧರರಿಗೂ ಪ್ರಾಜೆಕ್ಟುಗಳನ್ನು ನಡೆಸಿದ ಕನಿಷ್ಠ 36 ತಿಂಗಳ ಅನುಭವ ಬೇಕು. ಹೊಸಬರಿಗೆಂದೇ ಅದೇ ಸಂಸ್ಥೆಯ ಸಿ.ಎ.ಪಿ.ಎಂ. ಎಂಬ ಪರೀಕ್ಷೆ ಇದೆ. ಅದಕ್ಕೆ 23 ಗಂಟೆಗಳ ತರಬೇತಿ ಸಾಕು, ಅನುಭವ ಬೇಡ. ಈ ಒಂದು ವಾಕ್ಯ ಮೊದಲೇ ಗೊತ್ತಿದ್ದರೆ ಆ ತಂದೆಯ ಹಲವು ತಿಂಗಳ ದುಡಿಮೆ ಉಳಿಯುತ್ತಿತ್ತು. ಫೀಸು ಕಟ್ಟುವ ಮೊದಲು ಪರೀಕ್ಷೆ ನಡೆಸುವ ಸಂಸ್ಥೆಯ ನಿಯಮವನ್ನೇ ಓದಿ, ತರಗತಿ ನಡೆಸುವವರ ಕರಪತ್ರವನ್ನಲ್ಲ.

ಸಂಘವು ಮಕ್ಕಳಿಗೆ ಎರಡು ದಿನದ ಶಿಬಿರ ಮಾಡಿ ಪ್ರಮಾಣಪತ್ರ ಕೊಡಬೇಕೆಂಬ ಸಲಹೆ ಬಂದಿದೆ. ಹಿರಿಯರು ಕ್ಷಮಿಸಬೇಕು, ನನಗೆ ಅದು ಒಪ್ಪಿಗೆಯಿಲ್ಲ. ಈಜುವುದನ್ನು ದಡದಲ್ಲಿ ಕುಳಿತು ಕಲಿಸಿದಂತಾಗುತ್ತದೆ. ಅದರ ಬದಲು ಪಿ.ಯು.ಸಿ. ಮತ್ತು ಪದವಿ ವಿದ್ಯಾರ್ಥಿಗಳ ಕೈಗೆ ಒಂದು ಸಣ್ಣ ನಿಜವಾದ ಕೆಲಸ ಕೊಡಿ. ಮುಂದಿನ ಜೂನ್ ಒಳಗೆ ಬಡ ಮಕ್ಕಳಿಗೆ ಹಳೆಯ ಪಠ್ಯಪುಸ್ತಕಗಳನ್ನು ಸಂಗ್ರಹಿಸಿ ಹಂಚುವ ಕೆಲಸ ಆಗಬಹುದು. ಹಣ ಎಷ್ಟು, ಕೊನೆಯ ದಿನ ಯಾವುದು, ಯಾವುದು ನಮ್ಮ ಕೆಲಸವಲ್ಲ, ತೀರ್ಮಾನ ಯಾರದ್ದು, ಇವನ್ನು ಒಂದೇ ಪುಟದಲ್ಲಿ ಅವರೇ ಬರೆಯಲಿ. ಹೆಣ್ಣುಮಕ್ಕಳೂ ಸಮಿತಿಯಲ್ಲಿರಲಿ. ಲೆಕ್ಕ ಬರೆಯಲು ಮಾತ್ರವಲ್ಲ, ತೀರ್ಮಾನಿಸಲು. ಮಕ್ಕಳು ತಪ್ಪಿದಾಗ ನಾವು ಹಿರಿಯರು ನಡುವೆ ಬಾಯಿ ಹಾಕದಿರುವುದು ಇದರಲ್ಲಿ ಅತ್ಯಂತ ಕಷ್ಟದ ಭಾಗ, ನನಗಂತೂ.

ಭಾನುವಾರಗಳಂದು ತರಗತಿ ತೆಗೆದುಕೊಳ್ಳಲು ನಾನು ಸಿದ್ಧ. ಕಂಪ್ಯೂಟರ್ ಬೇಡ. ಮೊದಲ ದಿನ ಬರುವವರು ಒಂದು ಗೆರೆಯ ನೋಟ್ ಪುಸ್ತಕ, ಪೆನ್ಸಿಲ್, ಮತ್ತು ತಮ್ಮ ಮನೆಯಲ್ಲಿ ನಡೆದ ಕೊನೆಯ ಮದುವೆಯ ಖರ್ಚಿನ ಚೀಟಿಗಳನ್ನು ತರಬೇಕು. ಚೀಟಿ ಯಾರ ಮನೆಯಲ್ಲೂ ಇಟ್ಟಿಲ್ಲ ಎಂದಾದರೆ, ಮೊದಲ ಪಾಠ ಅಲ್ಲಿಂದಲೇ ಶುರು.